ಕೋಳಿಗೂಡಿಗೆ ಬರುವ ನರಿಗೆ ಯಾವ ಸಣ್ಣ ರೈಫಲ್?

ಎಣಿಸದೆ ಲಾಭವಾದವನನ್ನು ನಮ್ಮ ಕಡೆ "ಬೆಳಗ್ಗೆ ನರಿ ಮುಖ ನೋಡಿ ಎದ್ದಿದ್ದೆಯಾ?" ಎಂದು ಕೇಳುತ್ತಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಕೋಳಿ ಸಾಕಿದವನ ಮುಂದೆ ಆ ಮಾತು ಆಡಬೇಡಿ. ಇಲ್ಲಿ ಬೆಳಗ್ಗೆ ನರಿಯ ಮುಖ ಕಂಡಿತೆಂದರೆ ರಾತ್ರಿ ಗೂಡಿನ ಅಗುಳಿ ಹಾಕಲು ಮರೆತಿದ್ದೀರಿ ಎಂದೇ ಅರ್ಥ. ಒಂದನ್ನು ಹೊತ್ತೊಯ್ದು ಸುಮ್ಮನಾಗುವ ಪ್ರಾಣಿಯಲ್ಲ ಅದು. ಗೂಡಿನೊಳಗೆ ಹೊಕ್ಕರೆ ಸಿಕ್ಕಷ್ಟನ್ನೂ ಕೊಂದು, ಒಂದೆರಡನ್ನು ಒಯ್ದು, ಉಳಿದದ್ದನ್ನು ನಿಮಗೆ ಬಿಟ್ಟು ಹೋಗುತ್ತದೆ.

ಮೆಲ್ಬರ್ನ್ ಬಿಟ್ಟು ಬ್ಯಾಲರಾಟ್, ಬೆಂಡಿಗೊ ಕಡೆ ಐದೋ ಇಪ್ಪತ್ತೋ ಎಕರೆ ಕೊಂಡ ಪರಿಚಯದವರು ಕೆಲವರಿದ್ದಾರೆ. ಮೊದಲ ವರ್ಷ ತರಕಾರಿ, ಎರಡನೆಯ ವರ್ಷ ಕೋಳಿ, ಮೂರನೆಯ ವರ್ಷ ನಾಲ್ಕು ಕುರಿ. ಆಮೇಲೆ ನನಗೆ ಫೋನು: "ಸಾರ್, .22 ಸಾಕೇ, ಮ್ಯಾಗ್ನಮ್ ಬೇಕೇ? ಅಂಗಡಿಯವರು .17 ತೆಗೆದುಕೊಳ್ಳಿ ಎನ್ನುತ್ತಿದ್ದಾರೆ." .22, .17 ಎಂಬವು ಇಂಚಿನಲ್ಲಿ ಗುಂಡಿನ ದಪ್ಪ; ಮ್ಯಾಗ್ನಮ್ ಎಂದರೆ ಹೆಚ್ಚು ಮದ್ದಿನ ತೋಟಾ. ಈ ಚಳಿಗಾಲದಲ್ಲಿ ಮೂರು ಸಲ ಅದೇ ಪ್ರಶ್ನೆ ಬಂತು. ಪ್ರತಿಸಲ ಅರ್ಧ ಗಂಟೆ ಮಾತಾಡುವ ಬದಲು ಒಮ್ಮೆ ಬರೆದಿಡುತ್ತಿದ್ದೇನೆ.

ಊರಿನಲ್ಲಿದ್ದು ಇದನ್ನು ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಇದು ನಿಮಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ನಮ್ಮ ನರಿ, ಕಾಡುಬೆಕ್ಕು, ಪುನುಗು ಬೆಕ್ಕುಗಳನ್ನು ಹೊಡೆಯುವುದು ಅಪರಾಧ. ಮನೆಯಲ್ಲಿ ಪರವಾನಗಿಯ ಕೋವಿಯಿದ್ದರೂ, ಕೊಡಗಿನವರಂತೆ ಪರವಾನಗಿಯಿಂದಲೇ ವಿನಾಯಿತಿ ಇದ್ದರೂ ಈ ಮಾತು ಬದಲಾಗುವುದಿಲ್ಲ. ಇಲ್ಲಿಯ ಕಥೆ ಬೇರೆ. ಇಲ್ಲಿರುವುದು ಯುರೋಪಿನ ಕೆಂಪು ನರಿ. ಕುದುರೆಯೇರಿ, ನಾಯಿ ಬಿಟ್ಟು ಓಡಿಸಿ ಬೇಟೆಯಾಡುವ ಮೋಜಿಗೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರು ಹಡಗಿನಲ್ಲಿ ತಂದದ್ದು. 1870ರ ದಶಕದಲ್ಲಿ ಬೇರೂರಿತು. ಆಮೇಲೆ ಮೊಲದ ಬೆನ್ನು ಹತ್ತಿ ಬಹುತೇಕ ಖಂಡವನ್ನೇ ಆವರಿಸಿತು. ಆ ಮೊಲವನ್ನೂ ತಂದವರು ಅವರೇ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೂ ಇಲ್ಲಿಯ ಸಣ್ಣ ಚೀಲಹೊಟ್ಟೆಯ ಪ್ರಾಣಿಗಳಿಗೂ ಇಂಥ ಬೇಟೆಗಾರನ ಪರಿಚಯವೇ ಇರಲಿಲ್ಲ. ವಿಕ್ಟೋರಿಯಾದ 1994ರ ಕಾನೂನು ನರಿಯನ್ನು ಪೀಡೆಯ ಪಟ್ಟಿಗೆ ಸೇರಿಸಿ, ಅದನ್ನು ತಡೆಯುವ ಹೊಣೆಯನ್ನು ಜಮೀನಿನವನ ಮೇಲೆಯೇ ಹೊರಿಸಿದೆ.

ಆದರೆ ಪೀಡೆ ಎಂದು ಸರ್ಕಾರ ಬರೆದುಕೊಂಡ ಮಾತ್ರಕ್ಕೆ ಅದಕ್ಕೆ ನೋವಾಗುವುದು ನಿಲ್ಲುವುದಿಲ್ಲ. ಇದನ್ನು ನಾನು ಕಲಿತದ್ದು ನನ್ನ ಮೊದಲ ನರಿಯಿಂದ.

ಆಗ ನನ್ನ ಬಳಿ ಇದ್ದದ್ದು ಒಂದು ಹಳೆಯ .22. ಬೇಲಿಯಂಚಿನಲ್ಲಿ ನರಿ ನಿಂತಿತ್ತು, ಎಂಬತ್ತು ಮೀಟರ್ ಇದ್ದಿರಬಹುದು. ಕಾಗದದ ಮೇಲೆ ಅಷ್ಟು ದೂರಕ್ಕೆ ಹೊಡೆದು ಅಭ್ಯಾಸವಿತ್ತು, ಹೊಡೆದೆ. ತೊಗಟೆಗೆ ಕೋಲು ಬಡಿದಂಥ ಒಂದು ಸಪ್ಪಳ ತಿರುಗಿ ಬಂತು. ನರಿ ಗಿರ್ರನೆ ಒಂದು ಸುತ್ತು ಸುತ್ತಿ ತನ್ನ ಪಕ್ಕೆಯನ್ನೇ ಕಚ್ಚಿಕೊಂಡು ಓಡಿತು. ರಾತ್ರಿಯೆಲ್ಲ ಟಾರ್ಚ್ ಹಿಡಿದು ಹುಡುಕಿದರೂ ಸಿಗಲಿಲ್ಲ. ಬೆಳಗ್ಗೆ ಬ್ಲ್ಯಾಕ್‌ಬೆರಿ ಮುಳ್ಳುಪೊದೆಯ ಬುಡದಲ್ಲಿ ಸಿಕ್ಕಿತು, ಇನ್ನೂ ಉಸಿರಾಡುತ್ತಿತ್ತು. ಗುಂಡು ಹೊಟ್ಟೆಗೆ ಬಿದ್ದಿತ್ತು. ಮೂತಿಯ ಮೇಲೆ ಇಬ್ಬನಿ ಕೂತಿತ್ತು. ಅಲ್ಲಿಯೇ ಮುಗಿಸಿದೆ. ಪಕ್ಕದ ಜಮೀನಿನ ಮುದುಕರಿಗೆ ಹೇಳಿಕೊಂಡಾಗ ಅವರು ಬೈಯಲಿಲ್ಲ. "ಅದನ್ನು ಹತ್ತಿರ ಕರೆಯಬೇಕಿತ್ತು, ಇಲ್ಲವೇ ಸುಮ್ಮನೆ ಮನೆಗೆ ಹೋಗಬೇಕಿತ್ತು" ಎಂದಷ್ಟೇ ಹೇಳಿದರು. ಯಾವ ರೈಫಲ್ ಎಂದು ಅವರು ಕೇಳಲೂ ಇಲ್ಲ.

ಹಾಗಾಗಿ ರೈಫಲ್‌ಗಿಂತ ಮೊದಲು ಅಳೆಯಬೇಕಾದದ್ದು ನಿಮ್ಮ ಜಮೀನನ್ನು ಮತ್ತು ನಿಮ್ಮ ಕೈಯನ್ನು.

ಮೊದಲು ಅಳತೆಗೋಲು

ನರಿ ಕಾಣುವಷ್ಟು ದೊಡ್ಡದಲ್ಲ. ಇಲ್ಲಿಯ ನರಿಯ ತೂಕ ಸಾಮಾನ್ಯವಾಗಿ 4ರಿಂದ 8 ಕೆ.ಜಿ. ಚಳಿಗಾಲದ ದಟ್ಟ ತುಪ್ಪಳದಲ್ಲಿ ಅದರ ಎರಡರಷ್ಟು ತೋರುತ್ತದೆ; ತುಪ್ಪಳದ ಅಂಚಿಗೆ ತಗಲಿದ ಗುಂಡು ನರಿಗೆ ತಗಲಿದಂತೆ ಅಲ್ಲವೇ ಅಲ್ಲ. ತಕ್ಷಣ ಸಾಯಬೇಕಾದರೆ ಗುಂಡು ನಿಂಬೆಹಣ್ಣಿನಷ್ಟಿರುವ ಮಿದುಳಿಗೆ ಬೀಳಬೇಕು, ಇಲ್ಲವೇ ಮುಂಗಾಲಿನ ಹಿಂದೆ ಹೃದಯ ಮತ್ತು ಶ್ವಾಸಕೋಶ ಇರುವ ಅಂಗೈಯಗಲದ ಜಾಗಕ್ಕೆ. ಅದರಾಚೆ ಎಲ್ಲಿ ಬಿದ್ದರೂ ಮುಳ್ಳುಪೊದೆಯ ಕಥೆಯೇ.

ಎರಡನೆಯದು ದೂರ. ಕಾಫಿ ಕುಡಿಯುವ ಸ್ಟೀಲ್ ಲೋಟವನ್ನು ಕಾಗದದ ಮೇಲೆ ಬೋರಲು ಹಾಕಿ ಸುತ್ತ ಗೆರೆ ಎಳೆಯಿರಿ. ಅಂಥ ಐದಾರು ಕಾಗದ ಮಾಡಿ 30, 50, 70, 100 ಮೀಟರ್‌ಗೆ ನಿಲ್ಲಿಸಿ. ಮೇಜಿನ ಮೇಲೆ ಮರಳಿನ ಚೀಲವಿಟ್ಟು ಹೊಡೆಯಬೇಡಿ. ರಾತ್ರಿ ನೀವು ನಿಜವಾಗಿ ಹೇಗೆ ಹೊಡೆಯುತ್ತೀರೋ ಹಾಗೆ, ಬೇಲಿ ಕಂಬಕ್ಕೆ ಒರಗಿ ಅಥವಾ ಕೋಲಿನ ಆಸರೆಯಲ್ಲಿ ಕೂತು ಹೊಡೆಯಿರಿ. ಐದಕ್ಕೆ ಐದೂ ಲೋಟದ ಗೆರೆಯೊಳಗೆ ಬಿದ್ದ ಕೊನೆಯ ದೂರವೇ ನಿಮ್ಮ ದೂರ. ನಾಲ್ಕು ಒಳಗೆ, ಒಂದು ಹೊರಗೆ ಎಂದರೆ ಐದರಲ್ಲಿ ಒಂದು ನರಿ ನರಳುತ್ತದೆ ಎಂದೇ ಲೆಕ್ಕ. ಕತ್ತಲಿಗೆ, ಚಳಿಗೆ, ಎದೆಬಡಿತಕ್ಕೆ ಅದರಲ್ಲಿ ಕಾಲು ಭಾಗ ನಾನು ಕಳೆಯುತ್ತೇನೆ.

ಮೂರನೆಯದು ಗುರಿಯ ಹಿಂದೇನಿದೆ ಎಂಬುದು. ಪುಟ್ಟ .22 ತೋಟಾದ ಪೆಟ್ಟಿಗೆಯ ಮೇಲೆಯೇ ಅದರ ಗುಂಡು ಒಂದೂವರೆ ಮೈಲಿ, ಎಂದರೆ ಸುಮಾರು 2.4 ಕಿ.ಮೀ. ಹೋಗಬಲ್ಲದು ಎಂಬ ಎಚ್ಚರಿಕೆ ಇರುತ್ತದೆ. ನರಿಯ ಹಿಂದೆ ಕೆರೆಯ ಏರಿಯಂಥ ಮಣ್ಣಿನ ದಿಬ್ಬ ಇರಬೇಕು. ದಿಗಂತದ ಮೇಲೆ ನಿಂತ ನರಿಗೆ ಗುಂಡು ಹೊಡೆಯುವ ಮಾತೇ ಇಲ್ಲ.

ಸದ್ದು ಮತ್ತು ದುಡ್ಡು ಆಮೇಲೆ ಬರುತ್ತವೆ. ಆಸ್ಟ್ರೇಲಿಯಾದಲ್ಲಿ ಸಾಮಾನ್ಯ ಪರವಾನಗಿದಾರರಿಗೆ ಸೈಲೆನ್ಸರ್ ಸಿಗುವುದಿಲ್ಲ, ಆದ್ದರಿಂದ ಪಕ್ಕದ ಮನೆಯ ಕುದುರೆ ಬೆದರುತ್ತದೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ. ದುಡ್ಡು ಎಂದಾಗ ರೈಫಲ್ಲಿನ ಬೆಲೆ ಮಾತ್ರ ನೋಡಬೇಡಿ. .22, ಮ್ಯಾಗ್ನಮ್, .17 ಮೂರೂ ರಿಮ್‌ಫೈರ್. ರಿಮ್‌ಫೈರ್ ತೋಟಾದಲ್ಲಿ ಸಿಡಿಯುವ ಮದ್ದು ಅಡಿಯ ಅಂಚಿನೊಳಗೇ ಇರುತ್ತದೆ. ಕುಟ್ಟುಗ ಆ ಅಂಚನ್ನು ಜಜ್ಜಿದಾಗಲೇ ಅದು ಹಾರುವುದು. ಒಮ್ಮೆ ಜಜ್ಜಿದ ಖಾಲಿ ತೋಟಾವನ್ನು ಮತ್ತೆ ತುಂಬಲಾಗದು. ಎಂದರೆ ಅಭ್ಯಾಸದ ಪ್ರತಿ ಈಡಿಗೂ ಅಂಗಡಿಯ ಬೆಲೆಯನ್ನೇ ತೆರಬೇಕು. ಅಭ್ಯಾಸ ತುಟ್ಟಿಯಾದರೆ ಅಭ್ಯಾಸವೇ ನಿಲ್ಲುತ್ತದೆ. ಇದನ್ನು ಹಲವರಲ್ಲಿ ಕಂಡಿದ್ದೇನೆ.

.22 ಎಲ್‌ಆರ್: ಎಲ್ಲರಿಗೂ ಗೊತ್ತಿರುವುದು

ಎನ್‌ಸಿಸಿ ಶಿಬಿರದಲ್ಲಿ ನೆಲಕ್ಕೆ ಮಲಗಿ 25 ಗಜ ದೂರದ ಕಾಗದಕ್ಕೆ ಐದು ಗುಂಡು ಹೊಡೆದವರಿಗೆಲ್ಲ ಈ ತೋಟಾದ ಪರಿಚಯವಿದೆ. ಪೂರ್ತಿ ಹೆಸರು .22 ಲಾಂಗ್ ರೈಫಲ್, ಸಾದಾ .22 ಎಂದರೂ ಇದೇ. 1887ರಿಂದ ಇರುವುದು, ಜಗತ್ತಿನಲ್ಲೇ ಅತಿ ಹೆಚ್ಚು ಖರ್ಚಾಗುವ ತೋಟಾಗಳಲ್ಲಿ ಒಂದು. ಗುಂಡಿನ ತೂಕ ಸುಮಾರು 2.6 ಗ್ರಾಂ. ವೇಗದ ಬಗೆಯದು ನಳಿಗೆಯಿಂದ ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿ ಹೊರಟು 190 ಜೌಲ್ ಶಕ್ತಿ ಹೊತ್ತಿರುತ್ತದೆ. ಶಬ್ದದ ವೇಗಕ್ಕಿಂತ ಕಡಿಮೆ ಓಡುವ 'ಸಬ್‌ಸಾನಿಕ್' ಬಗೆಯದರಲ್ಲಿ ಅದು 130ರ ಆಸುಪಾಸಿಗೆ ಇಳಿಯುತ್ತದೆ. ಆದರೆ ಗಾಳಿ ಸೀಳುವ ಚಟಾರ್ ಸದ್ದು ಇರುವುದಿಲ್ಲ, ಒಳಗೆ ಮಲಗಿದ ಮಗು ಏಳುವುದಿಲ್ಲ.

ತೊಂದರೆ ಇರುವುದು ದೂರದಲ್ಲಿ. 50 ಮೀಟರ್‌ಗೆ ಗುರಿ ಹೊಂದಿಸಿದ ಈ ರೈಫಲ್ಲಿನ ಗುಂಡು 100 ಮೀಟರ್ ತಲುಪುವಷ್ಟರಲ್ಲಿ 15ರಿಂದ 20 ಸೆಂ.ಮೀ. ಕುಸಿದಿರುತ್ತದೆ, ಶಕ್ತಿಯಲ್ಲಿ ಮೂರನೆಯ ಒಂದು ಭಾಗ ಹೋಗಿರುತ್ತದೆ. ಕತ್ತಲಲ್ಲಿ 60 ಯಾವುದು, 80 ಯಾವುದು ಎಂದು ಕಣ್ಣಳತೆಯಲ್ಲಿ ಹೇಳುವವರನ್ನು ನಾನು ಇನ್ನೂ ನೋಡಿಲ್ಲ, ನಾನಂತೂ ಅಲ್ಲ. ಆ ಇಪ್ಪತ್ತು ಮೀಟರ್ ತಪ್ಪಿದರೆ ಎದೆಗೆ ಹೋಗಬೇಕಾದ ಗುಂಡು ಕಾಲಿಗೆ ಹೋಗುತ್ತದೆ. ಇನ್ನೊಂದು ದೋಷ: ಗಟ್ಟಿ ನೆಲಕ್ಕೋ ಕಲ್ಲಿಗೋ ಬಡಿದಾಗ ನಿಧಾನದ ಈ ಸೀಸದ ಗುಂಡು ಒಡೆಯದೆ ಚಿಮ್ಮಿ ಕುಯ್ಯೆಂದು ಹಾರಿಬಿಡುತ್ತದೆ. ಬೇಸಿಗೆಯಲ್ಲಿ ನಮ್ಮ ನೆಲ ಕಾಂಕ್ರೀಟಿನಷ್ಟು ಗಟ್ಟಿ.

ನರಿಗೆ ಇದನ್ನು ಬಳಸಬಾರದು ಎನ್ನುವವರಿದ್ದಾರೆ. ನಾನು ಅಷ್ಟು ಕಡ್ಡಿ ಮುರಿದಂತೆ ಹೇಳುವುದಿಲ್ಲ. ತುದಿಯಲ್ಲಿ ಕುಳಿಯಿರುವ ಗುಂಡು, 40 ಮೀಟರ್, ಕದಲದೆ ನಿಂತ ನರಿ, ಹಿಂದೆ ದಿಬ್ಬ, ತಲೆಗೋ ಮುಂಗಾಲಿನ ಹಿಂದಕ್ಕೋ ಗುರಿ: ಇಷ್ಟೂ ಕೂಡಿದರೆ ನರಿ ನಿಂತಲ್ಲೇ ಬೀಳುತ್ತದೆ. 50 ದಾಟಿದರೆ ಬೇಡ. ಬೋನಿಗೆ ಬಿದ್ದ ನರಿಯನ್ನು ಬೇಗ ಮುಗಿಸಲು ಇದಕ್ಕಿಂತ ತಕ್ಕದ್ದು ಇಲ್ಲ. ಒಂದೇ ಕಂಪನಿಯ ತೋಟಾ ಎಲ್ಲ ನಳಿಗೆಗೂ ಒಗ್ಗುವುದಿಲ್ಲ; ನಾಲ್ಕೈದು ಬಗೆಯ ಪೆಟ್ಟಿಗೆ ತಂದು ಲೋಟದ ಕಾಗದದ ಮೇಲೆ ನೋಡಿ, ಒಗ್ಗಿದ್ದನ್ನೇ ಹಿಡಿಯಿರಿ.

.22 ಮ್ಯಾಗ್ನಮ್: ಕೋಳಿಗೂಡಿನ ಆಚೆಯ ಐವತ್ತು ಮೀಟರ್

ಪೂರ್ತಿ ಹೆಸರು .22 ವಿಂಚೆಸ್ಟರ್ ಮ್ಯಾಗ್ನಮ್ ರಿಮ್‌ಫೈರ್ (ಡಬ್ಲ್ಯುಎಂಆರ್), ವಿಂಚೆಸ್ಟರ್ ಕಂಪನಿ 1959ರಲ್ಲಿ ತಂದದ್ದು. ಅದೇ 2.6 ಗ್ರಾಂ ಗುಂಡು, ಆದರೆ ಉದ್ದದ ತೋಟಾ, ಹೆಚ್ಚು ಮದ್ದು. ಸೆಕೆಂಡಿಗೆ ಸುಮಾರು 580 ಮೀಟರ್ ವೇಗ, 440 ಜೌಲ್‌ನಷ್ಟು ಶಕ್ತಿ. 100 ಮೀಟರ್ ಸುಮಾರಿಗೆ ಇದರಲ್ಲಿ ಉಳಿದಿರುವ ಶಕ್ತಿ .22 ಎಲ್‌ಆರ್ ನಳಿಗೆಯ ಬಾಯಲ್ಲೇ ಹೊಂದಿರುವಷ್ಟು ಇರುತ್ತದೆ. ಈ ಒಂದು ಹೋಲಿಕೆ ಸಾಕು, ಉಳಿದ ಕೋಷ್ಟಕಗಳು ಬೇಡ.

ನರಿಗೆ ಇದರ ನಿಜವಾದ ಗುಣ ಆಳ. ಭುಜದ ಮೂಳೆಗೆ ಸ್ವಲ್ಪ ತಾಗಿದರೂ, ನರಿ ನೇರ ಪಕ್ಕಕ್ಕೆ ತಿರುಗದೆ ಓರೆಯಾಗಿ ನಿಂತಿದ್ದರೂ ಗುಂಡು ಒಳಗಿನವರೆಗೆ ಹೋಗುತ್ತದೆ. ಹೊಸಬರ ಕೈ ಸ್ವಲ್ಪ ಅಲುಗಿದಾಗ ಕ್ಷಮಿಸುವ ತೋಟಾ ಇದು. ಆದರೆ ಒಂದೇ ಬಿಂದುವಿಗೆ ಮತ್ತೆ ಮತ್ತೆ ಹೊಡೆಯುವ ವಿಷಯದಲ್ಲಿ ಮುಂದೆ ಬರುವ .17ರಷ್ಟು ಕರಾರುವಾಕ್ಕಲ್ಲ. ಸದ್ದು ಜೋರು. ತೋಟಾದ ಬೆಲೆ ಸಾದಾ .22ರ ಮೂರು ಪಟ್ಟಿನ ಹತ್ತಿರ, ಕೆಲವೊಮ್ಮೆ ಹೆಚ್ಚು.

ಇಲ್ಲಿ ಒಂದು ಎಚ್ಚರಿಕೆ. ಹೆಸರಿನಲ್ಲಿ .22 ಇದೆಯೆಂದು ಎರಡನ್ನೂ ಅದಲು ಬದಲು ಮಾಡುವಂತಿಲ್ಲ. ಮ್ಯಾಗ್ನಮ್ ತೋಟಾ ಸಾದಾ .22 ಕೋವಿಗೆ ಹೋಗುವುದೇ ಇಲ್ಲ. ಆದರೆ ಸಾದಾ ತೋಟಾ ಮ್ಯಾಗ್ನಮ್ ಕೋವಿಯೊಳಗೆ ಸಡಿಲವಾಗಿ ಜಾರಿ ಕೂರುತ್ತದೆ. ಹಾಗೆ ಹೊಡೆದರೆ ತೋಟಾ ಸೀಳಿ ಬೆಂಕಿ ಹಿಂದಕ್ಕೆ ಬರಬಹುದು. ಎರಡೂ ಪೆಟ್ಟಿಗೆಗಳನ್ನು ಒಂದೇ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ.

.17 ಎಚ್‌ಎಂಆರ್: ಅಂಗಡಿಯವರ ಮುದ್ದಿನ ಕೂಸು

ಹಾರ್ನಡಿ ಮ್ಯಾಗ್ನಮ್ ರಿಮ್‌ಫೈರ್ ಎಂಬುದರ ಚುಟುಕು ಹೆಸರು ಇದು. 2002ರಲ್ಲಿ ಹಾರ್ನಡಿ ಕಂಪನಿ ಮ್ಯಾಗ್ನಮ್ ತೋಟಾದ ಕತ್ತನ್ನೇ ಕಿರಿದು ಮಾಡಿ ಅದರಲ್ಲಿ 1.1 ಗ್ರಾಂ ತೂಕದ ಪುಟ್ಟ ಗುಂಡು ಕೂರಿಸಿತು. ಹಗುರವಾದದ್ದರಿಂದ ವೇಗ ಸೆಕೆಂಡಿಗೆ ಸುಮಾರು 777 ಮೀಟರ್, ಶಕ್ತಿ 330 ಜೌಲ್. ದಾರಿ ಗೆರೆ ಎಳೆದಂತೆ ನೇರ. 100 ಮೀಟರ್‌ಗೆ ಗುರಿ ಹೊಂದಿಸಿದರೆ ಅದರೊಳಗೆ ಎಲ್ಲಿ ನಿಂತ ನರಿಗೂ ಗುರಿಯನ್ನು ಏರಿಸುವ ಇಳಿಸುವ ಲೆಕ್ಕವಿಲ್ಲ. ನಾನು ಮೇಲೆ ಹೇಳಿದ ಕಣ್ಣಳತೆಯ ತಪ್ಪನ್ನು ಇದು ಬಹುಮಟ್ಟಿಗೆ ನುಂಗಿಕೊಳ್ಳುತ್ತದೆ. ಲೋಟದ ಪರೀಕ್ಷೆಯಲ್ಲಿ 100 ಮೀಟರ್‌ನಲ್ಲಿ ಐದಕ್ಕೆ ಐದು ಬೀಳಿಸುವವರನ್ನು ಇದೊಂದರಲ್ಲಿ ಮಾತ್ರ ಸಾಕಷ್ಟು ಕಂಡಿದ್ದೇನೆ. ಗುಂಡು ನೆಲಕ್ಕೆ ಬಡಿದಾಗ ಸಾಮಾನ್ಯವಾಗಿ ಚೂರುಚೂರಾಗುವುದರಿಂದ ಚಿಮ್ಮುವ ಭಯವೂ ಕಡಿಮೆ. ಕಡಿಮೆ ಎಂದೆ, ಇಲ್ಲವೆನ್ನಲಿಲ್ಲ.

ಹಾಗಾದರೆ ಇದೇ ಸರಿಯಲ್ಲವೇ? ಅರ್ಧ ಸರಿ. ಚೂರಾಗುವ ಗುಣವೇ ನರಿಯ ಮೇಲೆ ತಿರುಗಿಬೀಳಬಹುದು. ಮೊಲಕ್ಕೆ ಇದು ಹೇಳಿ ಮಾಡಿಸಿದ್ದು. ನರಿಯ ಭುಜದ ಮೂಳೆಗೆ ತಾಗಿದರೆ ಗುಂಡು ಅಲ್ಲಿಯೇ ಸಿಡಿದು, ಮೇಲೆ ಭೀಕರ ಗಾಯ ಮಾಡಿ, ಹೃದಯವನ್ನು ಮುಟ್ಟದೆ ನಿಲ್ಲಬಹುದು. ಹಾಗಾಗಿ ನರಿ ನೇರ ಪಕ್ಕಕ್ಕೆ ನಿಂತಾಗ ಪಕ್ಕೆಲುಬಿಗೆ, ಇಲ್ಲವೇ ತಲೆಗೆ. ಓರೆ ನಿಂತಿದ್ದರೆ ಕಾಯಬೇಕು. ಮತ್ತೆ ಗಾಳಿ. ಮ್ಯಾಗ್ನಮ್‌ನಷ್ಟು ಅಲ್ಲದಿದ್ದರೂ ಈ ಗ್ರಾಂ ತೂಕದ ಗುಂಡೂ ಗಾಳಿಗೆ ಸರಿಯುತ್ತದೆ. ಬ್ಯಾಲರಾಟಿನ ಬಯಲಿನಲ್ಲಿ ಗಾಳಿಯಿಲ್ಲದ ರಾತ್ರಿ ಎಂದರೆ ಹಬ್ಬ. ಕೆನ್ನೆಗೆ ಗಾಳಿ ತಿಳಿಯುವಷ್ಟಿದ್ದರೆ ನಾನು ಇದರ ಮಿತಿಯನ್ನು 100ರಿಂದ 70ಕ್ಕೆ ಇಳಿಸುತ್ತೇನೆ; ಟೊಪ್ಪಿ ಹಾರುವಷ್ಟಿದ್ದರೆ ಒಳಗೆ ಹೋಗಿ ಚಹಾ ಮಾಡುತ್ತೇನೆ.

ತೋಟಾದ ಬೆಲೆ ಮ್ಯಾಗ್ನಮ್‌ನದೇ ಆಸುಪಾಸು. ಇವೆರಡರ ನಡುವೆ ತೂಗಾಡುವವರಿಗೆ ನನ್ನ ಮಾತು ಹೀಗೆ: ಕೈ ನುರಿತಿದೆ, ಕಾಯುವ ತಾಳ್ಮೆಯಿದೆ ಎಂದಾದರೆ .17; ದೂರ 80ರೊಳಗೆ, ವರ್ಷಕ್ಕೆ ನಾಲ್ಕು ರಾತ್ರಿ ಮಾತ್ರ ಹೊರಡುವವರು ಎಂದಾದರೆ ಮ್ಯಾಗ್ನಮ್.

ಇನ್ನೂ ಜೋರಿನದು

ರಿಮ್‌ಫೈರ್‌ಗಳಲ್ಲೇ ಅತಿ ಚುರುಕಾದದ್ದು .17 ಡಬ್ಲ್ಯುಎಸ್‌ಎಂ. ಕಟ್ಟಡದವರು ಮೊಳೆ ಹೊಡೆಯಲು ಬಳಸುವ ಯಂತ್ರದ ಮದ್ದಿನ ತೋಟಾದಿಂದ ರೂಪಿಸಿದ್ದು, 1.3 ಗ್ರಾಂ ಗುಂಡು, ಸೆಕೆಂಡಿಗೆ ಸುಮಾರು 914 ಮೀಟರ್, 540 ಜೌಲ್. ಕಾಗದದ ಮೇಲೆ ನರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಇದಕ್ಕೆ ರೈಫಲ್‌ಗಳ ಆಯ್ಕೆ ಕಡಿಮೆ, ಸಣ್ಣ ಊರಿನ ಅಂಗಡಿಯಲ್ಲಿ ತೋಟಾ ಸಿಕ್ಕರೆ ಅದೃಷ್ಟ. ಇಷ್ಟು ಖರ್ಚು ಮಾಡುವ ಮನಸ್ಸಿದ್ದರೆ ರಿಮ್‌ಫೈರ್ ಬಿಟ್ಟು, ಅಂಚಿನ ಬದಲು ಅಡಿಯ ನಡುವೆ ಕುಟ್ಟಿ ಹಾರಿಸುವ .223 ನೋಡಿ ಎನ್ನುತ್ತೇನೆ. ಅದರ ಶಕ್ತಿ ಸಾದಾ .22ರ ಸುಮಾರು ಒಂಬತ್ತು ಪಟ್ಟು, 1,700 ಜೌಲ್ ಮೇಲೆ. 150 ಮೀಟರ್‌ನ ನರಿಯೂ ಬಿದ್ದ ಜಾಗದಿಂದ ಏಳುವುದಿಲ್ಲ. ಪರವಾನಗಿಯಲ್ಲಿ ಅದು 'ಬಿ' ವರ್ಗ, ರಿಮ್‌ಫೈರ್ 'ಎ' ವರ್ಗ. 'ಬಿ'ಗೆ ಕಾರಣ ಹೆಚ್ಚು ಬಿಡಿಸಿ ಹೇಳಬೇಕಾಗುತ್ತದೆ, ಸದ್ದು ಮೂರು ಜಮೀನಿನಾಚೆಗೂ ಕೇಳುತ್ತದೆ. ನೂರು ಎಕರೆ ಮತ್ತು ಕುರಿಮರಿಗಳಿರುವವರಿಗೆ ಅದೇ ಸರಿ. ಐದು ಎಕರೆಯವರಿಗೆ ಅತಿಯಾಯಿತು.

ಮಲೆನಾಡಿನಿಂದ ಬಂದವರಿಗೆ ಜೋಡುನಳಿಗೆಯ ಮೇಲೆ ಒಂದು ಮೋಹವಿರುತ್ತದೆ. ತಪ್ಪಲ್ಲ. ದಪ್ಪ ಚರೆಯ ತೋಟಾ ಹಾಕಿದ 12 ಬೋರ್ 30 ಮೀಟರ್‌ನೊಳಗೆ, ಅದರಲ್ಲೂ ಓಡುವ ನರಿಗೆ, ಯಾವ ರಿಮ್‌ಫೈರ್‌ಗಿಂತಲೂ ಖಚಿತ. ಚರೆ ದೂರ ಹೋಗುವುದೂ ಇಲ್ಲ. ಅದರಾಚೆಗೆ ಚರೆ ಚದುರಿ ಗಾಯ ಮಾತ್ರ ಮಾಡುತ್ತದೆ. ಅದೂ 'ಎ' ವರ್ಗವೇ.

ತಾನಾಗಿ ತೋಟಾ ತುಂಬಿಕೊಳ್ಳುವ ರಿಮ್‌ಫೈರ್ ಬಗ್ಗೆ ಕೇಳುವವರಿಗೆ: 1996ರಲ್ಲಿ ಪೋರ್ಟ್ ಆರ್ಥರ್ ಹತ್ಯಾಕಾಂಡದ ನಂತರ ಬಂದ ಕಾನೂನುಗಳಿಂದಾಗಿ ಅದು ಸಾಮಾನ್ಯರ ಕೈಗೆ ಸಿಗುವುದು ಕಷ್ಟ. ನಷ್ಟವೇನಿಲ್ಲ. ಬೋಲ್ಟ್ ಎಳೆದು ಮತ್ತೊಂದು ಹಾಕಬೇಕೆಂದು ಗೊತ್ತಿದ್ದವರು ಮೊದಲನೆಯದನ್ನು ಜಾಗ್ರತೆಯಾಗಿ ಹೊಡೆಯುತ್ತಾರೆ.

ಒಂದು ಗುಂಡಿಯಷ್ಟು ತಗಡು

ಪಕ್ಕದ ಮುದುಕರು "ಹತ್ತಿರ ಕರೆಯಬೇಕಿತ್ತು" ಎಂದದ್ದು ಮಾತಿನ ಚಂದಕ್ಕಲ್ಲ ಎಂದು ಆಮೇಲೆ ತಿಳಿಯಿತು. ಇಲ್ಲಿ ಟೆಂಟರ್‌ಫೀಲ್ಡ್ ಸೀಟಿ ಎಂಬುದೊಂದಿದೆ. ಮಡಚಿದ ಪುಟ್ಟ ತಗಡು, ನಡುವೆ ತೂತು. ತುಟಿ ಮತ್ತು ಹಲ್ಲಿನ ನಡುವೆ ಇಟ್ಟು ಉಸಿರೆಳೆದರೆ ಸಿಕ್ಕಿಬಿದ್ದ ಮೊಲ ಚೀರಿದಂತೆ ಕೇಳುತ್ತದೆ. ಕೋವಿಗೆ ತೆತ್ತ ಹಣದ ಮುಂದೆ ಇದರ ಬೆಲೆ ಚಿಲ್ಲರೆ. ಗಾಳಿ ನಿಮ್ಮ ಮುಖಕ್ಕೆ ಬೀಸುತ್ತಿದ್ದು, ನೀವು ಅಲುಗಾಡದೆ ಕೂತಿದ್ದರೆ, 200 ಮೀಟರ್ ಆಚೆಯ ನರಿ ತಾನಾಗಿ 30 ಮೀಟರ್‌ಗೆ ಬಂದು ಕಿವಿ ನಿಮಿರಿಸಿ ನಿಲ್ಲುತ್ತದೆ. ನನಗೆ ಕಲಿಯಲು ಒಂದು ತಿಂಗಳು ಹಿಡಿಯಿತು. ಅಷ್ಟು ದಿನ ಹೆಂಡತಿ ನನ್ನನ್ನು ಊಟದ ಮೇಜಿನಿಂದ ಎಬ್ಬಿಸಿ ಹೊರಗೆ ಕಳಿಸುತ್ತಿದ್ದಳು.

ಇದು ನಿಮ್ಮ ಆಯ್ಕೆಯನ್ನೇ ತಿರುಗಿಸುತ್ತದೆ. ಕರೆಯಲು ಕಲಿತವರಿಗೆ ಅಗ್ಗದ .22 ಎಲ್‌ಆರ್ ಸಾಕು, ಉಳಿದ ದುಡ್ಡು ಅಭ್ಯಾಸದ ತೋಟಾಕ್ಕೆ. ಕರೆಯಲು ಬಾರದವರು, ಕೂರುವ ತಾಳ್ಮೆಯಿಲ್ಲದವರು, ಆ ದೂರವನ್ನು ದುಡ್ಡು ಕೊಟ್ಟು ಕೊಳ್ಳಬೇಕಾಗುತ್ತದೆ. ಒಮ್ಮೆ ತಪ್ಪಿಸಿಕೊಂಡ ನರಿ ಮಾತ್ರ ಅದೇ ಸೀಟಿಗೆ ಮತ್ತೆ ಸುಲಭವಾಗಿ ಬರುವುದಿಲ್ಲ.

ಕೋವಿಯೇ ಬೇಡವೆನ್ನುವ ಜಾಗಗಳು

ಊರಿಗೆ ಅಂಟಿದ ಎರಡು ಎಕರೆಯವರು ಇದುವರೆಗೆ ಓದಿದ್ದನ್ನು ಮರೆತುಬಿಡಿ. ಜನವಸತಿಯ ಜಾಗದಲ್ಲಿ ಗುಂಡು ಹಾರಿಸುವುದು ವಿಕ್ಟೋರಿಯಾದ 1996ರ ಬಂದೂಕು ಕಾಯ್ದೆಯಂತೆ ಅಪರಾಧ. ಬೇರೆಯವರ ಜಮೀನಾದರೆ ಅವರ ಒಪ್ಪಿಗೆಯೂ ಬೇಕು. ನಿಮಗೆ ಬೇಕಾದದ್ದು ಆಳೆತ್ತರದ ತಂತಿಜಾಲರಿ, ಹೊರಕ್ಕೆ ಬಾಗಿದ ಸಡಿಲ ತುದಿ, ಏಕೆಂದರೆ ನರಿ ಬೆಕ್ಕಿನಂತೆ ಹತ್ತುತ್ತದೆ. ಮತ್ತೆ ಬುಡದಲ್ಲಿ ಹೊರಮುಖವಾಗಿ ನೆಲಕ್ಕೆ ಹಾಸಿದ ಎರಡಡಿ ಜಾಲರಿ, ಏಕೆಂದರೆ ಅದು ತೋಡುತ್ತದೆ. ಕತ್ತಲಾದರೆ ತಾನೇ ಮುಚ್ಚಿಕೊಳ್ಳುವ ಗೂಡಿನ ಬಾಗಿಲು ಸಿಗುತ್ತದೆ. ನಾನು ಕೊಂಡ ಎಲ್ಲ ಸಾಮಾನುಗಳಲ್ಲಿ ಹೆಚ್ಚು ಕೋಳಿ ಉಳಿಸಿದ್ದು ಅದೇ.

ಕುರಿ ಹೆಚ್ಚಿದ್ದರೆ ಮರೆಮ್ಮಾ ನಾಯಿ. ಇಟಲಿಯ ಬಿಳಿ ಕಾವಲು ನಾಯಿ, ಮರಿಯಿದ್ದಾಗಿನಿಂದ ಕುರಿಗಳ ಜೊತೆಗೇ ಬೆಳೆಸುತ್ತಾರೆ. ವಾರ್ನಂಬೂಲ್ ಪಟ್ಟಣದ ತೀರದಲ್ಲಿರುವ ಮಿಡ್ಲ್ ದ್ವೀಪದಲ್ಲಿ ನರಿಗಳಿಂದಾಗಿ ಪುಟಾಣಿ ಪೆಂಗ್ವಿನ್‌ಗಳು 2005ರ ಹೊತ್ತಿಗೆ ಹತ್ತಕ್ಕಿಂತ ಕಡಿಮೆಗೆ ಇಳಿದಿದ್ದವು. 2006ರಿಂದ ಮರೆಮ್ಮಾ ನಾಯಿಗಳನ್ನು ಕಾವಲಿಗೆ ಬಿಟ್ಟ ಮೇಲೆ ಮತ್ತೆ ಹೆಚ್ಚಿದವು. ನಾಯಿಗೆ ದಿನಾ ಊಟ ಹಾಕಬೇಕು, ರಾತ್ರಿ ಬೊಗಳುತ್ತದೆ, ಹತ್ತು ವರ್ಷದ ಜವಾಬ್ದಾರಿ. ಕೋವಿಯಂತೆ ಬೀರುವಿನಲ್ಲಿಟ್ಟು ಬೆಂಗಳೂರಿಗೆ ಹೋಗಿಬರಲಾಗದು. 1080 ಎಂಬ ವಿಷ ಹಾಕಿದ ಮಾಂಸದ ತುಂಡುಗಳನ್ನು ನರಿ ತಿನ್ನಲೆಂದು ಹೂಳುವ ಪದ್ಧತಿಯೂ ಇದೆ, ಅದಕ್ಕೂ ತರಬೇತಿ ಬೇಕು. ಮನೆಯಲ್ಲಿ ನಾಯಿ ಇರುವವರಿಗೆ ನಾನು ಹೇಳುವುದಿಲ್ಲ, ನಾಯಿ ಅದನ್ನು ತಿಂದರೆ ಪ್ರತಿವಿಷವಿಲ್ಲ.

ಯಾರಿಗೆ ಯಾವುದು

ಫೋನು ಮಾಡಿದ ಮೂವರಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. ಮೊದಲನೆಯವರದು ಐದು ಎಕರೆ, ಗೂಡಿನ ಹಿಂದೆ ಮಣ್ಣಿನ ದಿಬ್ಬ, ನರಿ ಬರುವ ದಾರಿ ಅಡುಗೆಮನೆಯ ಕಿಟಕಿಯಿಂದ 35 ಮೀಟರ್. ಕೈಯಲ್ಲಿ ಹೆಚ್ಚು ದುಡ್ಡಿಲ್ಲ. ಅವರಿಗೆ ಬೋಲ್ಟ್ ಇರುವ ಸಾದಾ .22, ಸಬ್‌ಸಾನಿಕ್ ಕುಳಿ ಗುಂಡು, ಒಂದು ಸೀಟಿ. ಎರಡನೆಯವರದು ಇಪ್ಪತ್ತೈದು ಎಕರೆ ಬಯಲು, ನರಿ ಕಾಣುವುದು 60–80 ಮೀಟರ್‌ನಲ್ಲಿ, ಅವರಿಗೆ .22 ಮ್ಯಾಗ್ನಮ್. ಮೂರನೆಯವರು ಹಳೆಯ ಎನ್‌ಸಿಸಿ ಗುರಿಕಾರರು, ವಾರಕ್ಕೊಮ್ಮೆ ರೇಂಜಿಗೆ ಹೋಗುವವರು, ಕಣಿವೆಯಲ್ಲಿ ಜಮೀನು. ಅವರಿಗೆ .17 ಎಚ್‌ಎಂಆರ್ ಎಂದೆ, ಭುಜದ ಮೂಳೆಯ ಮಾತನ್ನು ಎರಡು ಸಲ ಹೇಳಿ. ತೀರ ನಿರ್ಧರಿಸಲಾಗದವರು ಸಿಜಡ್ 457ರಂಥ ರೈಫಲ್ ನೋಡಬಹುದು. ನಳಿಗೆ ಬಿಚ್ಚಿ ಈ ಮೂರು ತೋಟಾಗಳಲ್ಲಿ ಬೇಕಾದ್ದಕ್ಕೆ ಬದಲಿಸುವಂತೆ ಮಾಡಿದ್ದು.

ಯಾವುದನ್ನೇ ಕೊಂಡರೂ ಪರವಾನಗಿ, ಅದಕ್ಕೆ ಮೊದಲು ಸುರಕ್ಷತೆಯ ತರಗತಿ, ಕೋವಿಗೊಂದು ಕೊಳ್ಳುವ ಅನುಮತಿ, ಗೋಡೆಗೆ ಬಿಗಿದ ಉಕ್ಕಿನ ಬೀರು, ತೋಟಾಕ್ಕೆ ಬೇರೆ ಬೀಗ ಇವೆಲ್ಲ ಇದ್ದದ್ದೇ. ಬೀರುವಿನ ಬೆಲೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ, ಅಗ್ಗದ .22ಕ್ಕೆ ಅದು ಸಣ್ಣ ಮೊತ್ತವೇನಲ್ಲ. ಟ್ರಿಗರ್ ಒತ್ತಿದಾಗ ಬರೀ 'ಟಿಕ್' ಎಂದರೆ ನಳಿಗೆಯನ್ನು ದಿಬ್ಬದ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಿರಿ; ರಿಮ್‌ಫೈರ್‌ನಲ್ಲಿ ಹಾರದ ತೋಟಾ ಅಪರೂಪವಲ್ಲ. ಟಾರ್ಚಿಗೆ ಹೊಳೆಯುವ ಕಣ್ಣಿಗೆ ಎಂದೂ ಹೊಡೆಯಬೇಡಿ. ಕುರಿಯ ಕಣ್ಣೂ ಹೊಳೆಯುತ್ತದೆ, ಪಕ್ಕದ ಮನೆಯ ಬೆಕ್ಕಿನದೂ, ಕಾನೂನಿನ ರಕ್ಷಣೆಯಿರುವ ಕ್ವೋಲ್ ಎಂಬ ಇಲ್ಲಿಯ ಚುಕ್ಕೆಯ ಪ್ರಾಣಿಯದೂ. ಕಿವಿ, ಮೂತಿ, ಬಾಲ ಮೂರೂ ಕಾಣಬೇಕು.

ಮತ್ತೆ ಕಾಲ. ನರಿ ವರ್ಷಕ್ಕೊಮ್ಮೆ ಮಾತ್ರ ಈಯುತ್ತದೆ, ಬಹುಪಾಲು ಆಗಸ್ಟ್–ಸೆಪ್ಟೆಂಬರಿನಲ್ಲಿ, ಸುಮಾರು ನಾಲ್ಕು ಮರಿ. ಆ ಹೊತ್ತಿನಲ್ಲಿ ಮೊಲೆಹಾಲಿರುವ ತಾಯಿಯನ್ನು ಹೊಡೆದರೆ ಬಿಲದೊಳಗೆ ನಾಲ್ಕು ಮರಿ ಹಸಿದು ಸಾಯುತ್ತವೆ, ಅದು ನಿಮ್ಮ ಲೆಕ್ಕಕ್ಕೇ ಬರುತ್ತದೆ. ನಾನು ಮೇ, ಜೂನ್, ಜುಲೈನಲ್ಲಿ ಹೊರಡುತ್ತೇನೆ. ಕುರಿಮರಿಗಳು ಹುಟ್ಟುವ ಮೊದಲೇ ನರಿ ಕಡಿಮೆಯಾದಂತೆಯೂ ಆಯಿತು. ಈಗ ನನ್ನ ಬೀರುವಿನಲ್ಲಿ ಮ್ಯಾಗ್ನಮ್ ಒಂದಿದೆ, ಆ ಹಳೆಯ .22 ಇನ್ನೂ ಇದೆ. ಹೆಚ್ಚಾಗಿ ಹೊರಗೆ ಬರುವುದು ಹಳೆಯದೇ, ಜೇಬಿನಲ್ಲಿ ತಗಡಿನ ಸೀಟಿಯೊಂದಿಗೆ. ಆಗಸ್ಟ್ ಬಂತೆಂದರೆ ಎರಡಕ್ಕೂ ಎಣ್ಣೆ ಹಚ್ಚಿ ಬೀಗ ಹಾಕುತ್ತೇನೆ, ಗೂಡಿನ ಅಗುಳಿಯನ್ನು ದಿನಕ್ಕೆರಡು ಸಲ ನೋಡುತ್ತೇನೆ.